ಮೊದಲು ಮೇವು, ಆಮೇಲೆ ಪುಡಿ

ತಲಘಟ್ಟಪುರ ದಾಟಿ ಕನಕಪುರದ ಕಡೆ ಹೊರಟರೆ ಸಿಗುವುದು ರಾಗಿಯ ಸೀಮೆ. ಬಕ್ರೀದಿಗೆಂದು ಟಗರುಮರಿ ಕೊಬ್ಬಿಸುವವರಿಗೆ ರಾಗಿ ಹುಲ್ಲು ಸುಲಭವಾಗಿ ಸಿಗುವ ಒಣಮೇವು. ಅದರ ಜೊತೆ ಯೀಸ್ಟ್, ಕಿಣ್ವ, ಟ್ಯಾನಿನ್ ಪುಡಿಗಳನ್ನು ಕೊಟ್ಟರೆ ಮರಿ ಬೇಗ ಮೈತುಂಬುತ್ತದೆ ಎಂಬ ಮಾತಿದೆ. ಪುಡಿಗಳಲ್ಲಿ ಸತ್ವವಿಲ್ಲವೆಂದಲ್ಲ, ಮೇವು ಸರಿಯಿಲ್ಲದಿದ್ದರೆ ಅವುಗಳಿಂದ ಏನೂ ಆಗದು. ಹುಲ್ಲಿನ ನಾರನ್ನು ಕುರಿ ತಾನೇ ಅರಗಿಸಲಾರದು. ರೂಮೆನ್ ಎಂಬ ಅದರ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ನಾರನ್ನು ಒಡೆದು ಆಮ್ಲಗಳನ್ನಾಗಿಸುತ್ತವೆ. ಕುರಿಗೆ ಬಹುಪಾಲು ಶಕ್ತಿ ಬರುವುದು ಆ ಆಮ್ಲಗಳಿಂದಲೇ. ಆ ಜೀವಿಗಳು ಬೆಳೆಯಲು ಸಾರಜನಕ ಬೇಕು. ಮೇವಿನಲ್ಲಿ ಕಚ್ಚಾ ಪ್ರೋಟೀನ್ ಸುಮಾರು ಶೇ. 7ಕ್ಕಿಂತ ಇಳಿದರೆ ಅವು ಸೊರಗುತ್ತವೆ. ಒಣ ರಾಗಿ ಹುಲ್ಲಿನಲ್ಲಿರುವುದು ಹೆಚ್ಚುಕಡಿಮೆ ಅದರ ಅರ್ಧ.

ಟ್ಯಾನಿನ್ನನ್ನೇ ನೋಡಿ. ರೂಮೆನ್ನಿನಲ್ಲಿ ಅದು ಪ್ರೋಟೀನಿಗೆ ಅಂಟಿಕೊಂಡು, ಆ ಪ್ರೋಟೀನ್ ಅಲ್ಲೇ ಒಡೆದು ಅಮೋನಿಯಾ ಆಗದಂತೆ ತಡೆಯುತ್ತದೆ. ಮುಂದೆ ಹುಳಿ ಹೆಚ್ಚಿರುವ ನಾಲ್ಕನೆಯ ಹೊಟ್ಟೆಯಲ್ಲಿ ಆ ಹಿಡಿತ ಸಡಿಲಗೊಂಡು ಪ್ರೋಟೀನ್ ಸಣ್ಣಕರುಳಿಗೆ ದಕ್ಕುತ್ತದೆ. ಮೀಥೇನನ್ನೂ ಅದು ತಗ್ಗಿಸಬಲ್ಲದು. ಮೇವಿನ ಒಟ್ಟು ಶಕ್ತಿಯಲ್ಲಿ ಶೇ. 2ರಿಂದ 12ರಷ್ಟು ಮೀಥೇನ್ ಆಗಿ ತೇಗಿನಲ್ಲಿ ಸೋರಿಹೋಗುವುದರಿಂದ ಇದು ಸಣ್ಣ ಸಂಗತಿಯಲ್ಲ. ಬೆಂಗಳೂರಿನ ಆಡುಗೋಡಿಯಲ್ಲಿ 1995ರಲ್ಲಿ ಆರಂಭವಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಹುಣಸೆಬೀಜದ ಸಿಪ್ಪೆಯಂಥ ಟ್ಯಾನಿನ್ ಮೂಲಗಳನ್ನು ಪರೀಕ್ಷಿಸಿದೆ. ತನ್ನ ‘ಹರಿತ್ ಧಾರಾ’ ಪೂರಕ ಮೀಥೇನನ್ನು ಶೇ. 17ರಿಂದ 20ರಷ್ಟು ಇಳಿಸುತ್ತದೆ ಎಂದಿದೆ. ನಮ್ಮ ಊರಿನಲ್ಲೇ ನಡೆದ ಬೆಲೆಯುಳ್ಳ ಕೆಲಸವಿದು. ಆದರೆ ಪ್ರೋಟೀನೇ ಸಾಲದ ಮೇವಿಗೆ ಟ್ಯಾನಿನ್ ಬೆರೆಸುವುದೆಂದರೆ ಹಸಿದವರ ಕೈತುತ್ತು ಕಸಿದಂತೆ. ಪ್ರಮಾಣ ಮೀರಿದರಂತೂ ಮರಿ ಮೇವನ್ನೇ ಕಡಿಮೆ ಮಾಡುತ್ತದೆ.

ಹಾಗಾದರೆ ಪುಡಿ ತಿಂದ ಮರಿಗಳ ಜೀರ್ಣತೆ ಏರಿತೆಂದು ಹೇಳುವ ಪ್ರಯೋಗಗಳು ಸುಳ್ಳೇ? ಅಲ್ಲ. ಆ ಅಂಕಿ ಏನನ್ನು ಹೇಳುತ್ತದೆಂದು ತಿಳಿದಿರಬೇಕು, ಅಷ್ಟೆ. ತಿಂದ ಮೇವನ್ನೂ ಹಾಕಿದ ಹಿಕ್ಕೆಯನ್ನೂ ಒಣಗಿಸಿ ತೂಗುತ್ತಾರೆ. ಮರಿ 1,000 ಗ್ರಾಂ ತಿಂದು 400 ಗ್ರಾಂ ಹಿಕ್ಕೆ ಹಾಕಿದರೆ ಜೀರ್ಣತೆ ಶೇ. 60. ಮರಿ ಕಡಿಮೆ ತಿಂದರೆ ಮೇವು ಹೊಟ್ಟೆಯಲ್ಲಿ ಹೆಚ್ಚು ಹೊತ್ತು ಉಳಿಯುವುದರಿಂದ ಈ ಅಂಕಿ ಏರಬಹುದು. 800 ಗ್ರಾಂ ತಿಂದು ಶೇ. 65 ಅರಗಿಸಿತೆನ್ನಿ; ದಕ್ಕಿದ್ದು 520 ಗ್ರಾಂ, ಮೊದಲಿಗಿಂತ 80 ಗ್ರಾಂ ಕಡಿಮೆ. ಯೀಸ್ಟಿನ ಫಲಿತಾಂಶಗಳು ಒಂದು ಕಡೆ ಗೆದ್ದು ಇನ್ನೊಂದು ಕಡೆ ಸೋಲುವುದಕ್ಕೂ ಮೇವಿನ ವ್ಯತ್ಯಾಸ ದೊಡ್ಡ ಕಾರಣ. ಜೋಳದ ನುಚ್ಚು ಹೆಚ್ಚಾಗಿ ರೂಮೆನ್ ಹುಳಿಯಾಗುವಲ್ಲಿ ಯೀಸ್ಟ್ ನೆರವಿಗೆ ಬರುತ್ತದೆ. ಹುಲ್ಲೇ ಪ್ರಧಾನವಾದಲ್ಲಿ ಆ ತೊಂದರೆಯೇ ಇರುವುದಿಲ್ಲ.

ಕಡಲೆಕಾಯಿ ಹಿಂಡಿ ದುಬಾರಿ, ಪುಡಿ ಅಗ್ಗ ಎನ್ನುವವರ ಕಷ್ಟ ನಿಜವಾದದ್ದು. ಆದರೆ ಪ್ರೋಟೀನಿಗೆ ಹಿಂಡಿಯೊಂದೇ ದಾರಿಯಲ್ಲ. ಬದುವಿನಲ್ಲಿ ಬೆಳೆಸಬಹುದಾದ ಅಗಸೆ, ಗೊಬ್ಬರದ ಗಿಡಗಳ ಸೊಪ್ಪಿನ ಒಣತೂಕದಲ್ಲಿ ಪ್ರೋಟೀನ್ ಶೇ. 20ರ ಆಸುಪಾಸಿನಲ್ಲಿದೆ. ಗೊಬ್ಬರದ ಗಿಡದ ವಾಸನೆಗೆ ಮರಿಗಳು ಮೊದಮೊದಲು ಬಾಯಿ ಹಾಕದಿದ್ದರೂ, ಸೊಪ್ಪನ್ನು ಬಾಡಿಸಿ ಸ್ವಲ್ಪಸ್ವಲ್ಪವೇ ಕೊಟ್ಟರೆ ರೂಢಿಸಿಕೊಳ್ಳುತ್ತವೆ.