ಇತಿಹಾಸ ಪುಸ್ತಕದಲ್ಲಷ್ಟೇ ಅಲ್ಲ, ನಾಯಂಡಹಳ್ಳಿ ಸ್ಟಾಪಿನಲ್ಲೂ ಇದೆ ಸ್ವಾಮಿ!

ನಾಯಂಡಹಳ್ಳಿ ಸ್ಟಾಪಿನಲ್ಲಿ ಬಸ್ಸಿಗೆ ಕಾಯುವ ಮಹನೀಯರಿಗೆ ಒಂದು ಸಣ್ಣ ಪ್ರಶ್ನೆ. ಊರೊಳಗೆ ಹಾದುಹೋಗುವ ರೈಲು ದಾರಿ ಇದೆಯಲ್ಲ, ಅದನ್ನು ಹಾಕಿದ್ದು ಯಾವಾಗ? ಏಕೆ?

ನಿಮಗೆ ಗೊತ್ತಿಲ್ಲವಾದರೆ ಮನೆಯಲ್ಲಿರುವ ಪ್ರೈಮರಿ ಶಾಲೆಯ ಮಗುವನ್ನು ಕೇಳಿ. ಪಾಣಿಪತ್ ಯುದ್ಧ ಯಾವ ಇಸವಿ ಅಂದರೆ ಗಿಳಿಯ ಹಾಗೆ ಒಪ್ಪಿಸೀತು. ದಿನಾ ಸೀಟಿ ಕೇಳುವ ರೈಲಿನ ವಿಷಯ ಕೇಳಿದರೆ ಮಾತ್ರ ಮುಖ ಮುಖ ನೋಡುತ್ತೆ. ಮಗುವಿನ ತಪ್ಪಲ್ಲ ಬಿಡಿ, ಯಾರೂ ಹೇಳಿಲ್ಲ.

ಸಂಗತಿ ಇಷ್ಟು. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನಕ್ಕೆ ಘೋರ ಬರ ಬಡಿಯಿತು. ಧಾತು, ಈಶ್ವರ ಸಂವತ್ಸರಗಳ ಬರ ಅಂತ ಹಳಬರು ಹೇಳುತ್ತಿದ್ದುದು ಅದನ್ನೇ. 1871ರ ಜನಗಣತಿಯಲ್ಲಿ 50 ಲಕ್ಷದಷ್ಟಿದ್ದ ಸಂಸ್ಥಾನದ ಜನ, 1881ರ ಹೊತ್ತಿಗೆ 42 ಲಕ್ಷಕ್ಕಿಳಿದಿದ್ದರು. ಹಸಿದವರಿಗೆ ಕೂಲಿ ಸಿಗಲಿ ಅಂತ ತೆಗೆದ ಕೆಲಸಗಳಲ್ಲಿ ಬೆಂಗಳೂರು–ಮೈಸೂರು ರೈಲು ದಾರಿಯ ಮಣ್ಣಿನ ಕೆಲಸವೂ ಒಂದು. 1882ರಲ್ಲಿ ರೈಲು ಮೈಸೂರು ಮುಟ್ಟಿತು.

ಇದನ್ನು ಕ್ಲಾಸಿನ ನಾಲ್ಕು ಗೋಡೆಯೊಳಗೆ ಓದಿಸಿದರೆ ಇನ್ನೊಂದು ಇಸವಿ, ಅಷ್ಟೆ. ಹಳಿ ಕಾಣುವ ಕಡೆ (ಬೇಲಿಯ ಈಚೆ, ಮೇಷ್ಟ್ರ ಕಣ್ಣೆದುರಿಗೇ!) ನಿಲ್ಲಿಸಿ ಹೇಳಿ ನೋಡಿ. ಮಣ್ಣು ಹೊತ್ತವರು ಯಾರು ಸಾರ್, ಕೂಲಿ ಎಷ್ಟು ಕೊಟ್ಟರು, ಮಕ್ಕಳೂ ಹೊತ್ತರಾ? ಪ್ರಶ್ನೆಗಳು ತಾವಾಗಿಯೇ ಬರುತ್ತವೆ.

ನಮ್ಮಲ್ಲಿ ಇತಿಹಾಸಕ್ಕೆ ಜೀವ ತುಂಬೋದು ಅಂದರೆ ರಟ್ಟಿನ ಕಿರೀಟ, ಕಾಡಿಗೆಯ ಮೀಸೆ, ಕೈಗೊಂದು ಕತ್ತಿ. ಛದ್ಮವೇಷ ಬೇಡ ಅಂತಲ್ಲ, ಮಕ್ಕಳಿಗೆ ಖುಷಿ, ಅಪ್ಪ ಅಮ್ಮನಿಗೆ ಫೋಟೋ. ಆದರೆ ಎರಡು ನಿಮಿಷದ ಡೈಲಾಗು ಮುಗಿದ ಮೇಲೆ ತಲೆಯಲ್ಲಿ ಉಳಿಯುವುದೇನು? ಮೀಸೆ ಅಂಟಿಸಿದ್ದಾಗ ಆದ ನವೆ!

ಕಥೆಯೂ ಬೇಕು, ಕಲ್ಲೂ ಬೇಕು

ಬೆಂಗಳೂರು ಹೆಸರಿನ ಕಥೆಯನ್ನೇ ತಗೊಳ್ಳಿ. ಹೊಯ್ಸಳರ ವೀರಬಲ್ಲಾಳ ದಾರಿ ತಪ್ಪಿ ಹಸಿದಾಗ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದಕ್ಕೇ ಬೆಂದಕಾಳೂರು ಅಂತ. ಸೊಗಸಾದ ಕಥೆ, ಹೇಳಲೇಬೇಕು. ಹೇಳಿದ ಮೇಲೆ ಬೇಗೂರಿನ ನಾಗೇಶ್ವರ ಗುಡಿಯ ಶಾಸನದ ವಿಷಯವನ್ನೂ ಹೇಳಬೇಕು. ಸುಮಾರು ಕ್ರಿ.ಶ. 890ರ ಆ ವೀರಗಲ್ಲಿನಲ್ಲಿ ಬೆಂಗಳೂರಿನ ಕಾಳಗದ ಮಾತಿದೆ. ಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಹಾಗಾದರೆ ಯಾವುದು ಮೊದಲು? ನಾಲ್ಕನೇ ಕ್ಲಾಸಿನ ಮಗುವಿಗೂ ಈ ಲೆಕ್ಕ ಬರುತ್ತೆ. ‘ಅದು ನಮಗೆ ಗೊತ್ತಾದದ್ದು ಹೇಗೆ?’ ಅಂತ ಕೇಳುವ ಅಭ್ಯಾಸ ಒಂದು ಸಲ ಹತ್ತಿತು ಅಂದರೆ ಮುಂದೆ ಆ ಮಗುವಿಗೆ ಯಾರೂ ಸುಲಭವಾಗಿ ಟೋಪಿ ಹಾಕಲಾರರು.

ಕಲ್ಲಿಗೂ ಗ್ಯಾರಂಟಿ ಇಲ್ಲ ಅನ್ನಿ. ರೈಸ್ ಸಾಹೇಬರು 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಅಚ್ಚು ಮಾಡಿಸಿದರು. ಅದರಲ್ಲಿದ್ದ ಎಷ್ಟೋ ಕಲ್ಲುಗಳು ಈಗ ಇಲ್ಲ. ರಸ್ತೆಗೆ ಹೋದವು, ಪಾಯಕ್ಕೆ ಹೋದವು. ಹೆಬ್ಬಾಳದಲ್ಲಿ 2018ರಲ್ಲಿ ನೆಲ ಅಗೆಯುವಾಗ ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು ಸಿಕ್ಕಿತು. ಕಂಡವರಿಗೆ ಅದು ಬರೀ ಚಪ್ಪಡಿಯಲ್ಲ ಅಂತ ತಿಳಿದಿದ್ದರಿಂದ ಉಳಿಯಿತು. ನಾಳೆ ಮೈಸೂರು ರಸ್ತೆಯ ಯಾವುದೋ ಗುಂಡಿಯಲ್ಲಿ ಅಂಥದೇ ಒಂದು ಎದ್ದರೆ ಗುರುತು ಹಿಡಿಯುವವರು ಯಾರು? ಇವತ್ತು ಸ್ಲೇಟು ಹಿಡಿದಿರುವ ಮಕ್ಕಳೇ ತಾನೆ?

ಇನ್ನು ಮೂಗು ಮುಚ್ಚಿಕೊಂಡು ದಾಟುವ ನಮ್ಮ ‘ಮೋರಿ’. ಅದರ ಹೆಸರು ವೃಷಭಾವತಿ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿತು ಅನ್ನುವುದು ಪ್ರತೀತಿ. ಅದು ಅರ್ಕಾವತಿಯನ್ನು ಸೇರುತ್ತದೆ, ಅರ್ಕಾವತಿ ಕಾವೇರಿಯನ್ನು. ಹೊಳೆ ಮೋರಿಯಾದದ್ದು ಯಾವಾಗ, ಹೇಗೆ? ಮಗು ಮನೆಗೆ ಹೋಗಿ ಕೇಳಲಿ: ‘ಅಜ್ಜಿ, ನೀನು ಚಿಕ್ಕವಳಿದ್ದಾಗ ಈ ನೀರು ಹೇಗಿತ್ತು?’ ಒಬ್ಬರ ಅಜ್ಜಿ ಒಂದು ಹೇಳುತ್ತಾಳೆ, ಪಕ್ಕದ ಮನೆ ಅಜ್ಜಿ ಇನ್ನೊಂದು. ಎರಡನ್ನೂ ಬರೆದುಕೊಂಡು ಬಂದು ಕ್ಲಾಸಿನಲ್ಲಿ ಜಗಳವಾಡಲಿ. ಅಜ್ಜಿಯ ಊರು ರಾಯಚೂರೋ ಧರ್ಮಪುರಿಯೋ ಆಗಿದ್ದರೆ ಇನ್ನೂ ಚೆನ್ನ: ಯಾಕೆ ಬಂದಿರಿ, ಯಾವ ವರ್ಷ ಬಂದಿರಿ? ಅಜ್ಜಿಯರು ಕಾಯುತ್ತಾ ಕೂತಿರೋದಿಲ್ಲ, ಕೇಳೋದಾದರೆ ಈಗಲೇ ಕೇಳಬೇಕು.

ಮೇಷ್ಟ್ರಿಗೆ ಪುರಸೊತ್ತೆಲ್ಲಿ ಅಂತೀರಾ? ಗಣತಿ ಕೆಲಸ, ಎಲೆಕ್ಷನ್ ಡ್ಯೂಟಿ, ಬಿಸಿಯೂಟದ ಲೆಕ್ಕ... ನಿಜವೇ. ಆದರೂ ಹೆಗ್ಗಡದೇವನಕೋಟೆಯಂಥ ಕಾಡಂಚಿನ ತಾಲ್ಲೂಕಿನಲ್ಲಿ 1995ರಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರುಗಳೇ ಕೂತು ಕಾರ್ಡು, ಹಾಡು, ಆಟ ಕಟ್ಟಿ ‘ನಲಿ ಕಲಿ’ ಶುರು ಮಾಡಿದರು. ಆಮೇಲೆ ಅದು ರಾಜ್ಯಕ್ಕೆಲ್ಲ ಹಬ್ಬಿತು.

ಖರ್ಚೂ ಹೆಚ್ಚಿಲ್ಲ, ಒಂದು ಹಗ್ಗ ಸಾಕು. ಹೂವಿನವಳು ಅಳೆಯುವ ಹಾಗೆ ಮೊಳ ಹಾಕಿ. ಹತ್ತು ವರ್ಷಕ್ಕೊಂದು ಮೊಳ. ನಾಯಂಡಹಳ್ಳಿಗೆ ಮೆಟ್ರೋ ಬಂದದ್ದು 2021ರಲ್ಲಿ, ಮೊದಲ ಮೊಳದಲ್ಲೇ ಸಿಗುತ್ತೆ. ಮೈಸೂರು ರಾಜ್ಯ ಕರ್ನಾಟಕವಾದದ್ದು 1973ರಲ್ಲಿ, ಅದು ಐದು ಮೊಳದ ಆಸುಪಾಸು. ಬರಗಾಲದ ರೈಲಿಗೆ ಹದಿನಾಲ್ಕು ದಾಟಬೇಕು. ಕೆಂಪೇಗೌಡರ 1537ಕ್ಕೆ ಹೆಚ್ಚುಕಮ್ಮಿ ನಲವತ್ತೊಂಬತ್ತು. ಬೇಗೂರಿನ ಕಲ್ಲಿಗೆ ನೂರಹತ್ತರ ಮೇಲೆ. ಹಗ್ಗ ಶಾಲೆಯ ಗೇಟು ದಾಟಿ ಬೀದಿಗೆ ಬರುತ್ತೆ! ಸಾವಿರ ವರ್ಷ ಅಂದರೆ ಎಷ್ಟು ಅಂತ ಮಗು ಕಾಲಲ್ಲಿ ನಡೆದು ತಿಳಿಯುತ್ತೆ.

ಇನ್ನು ಅಂಗಡಿ ಸಾಹುಕಾರರ ಪಾಲು. ನಿಮ್ಮ ಅಟ್ಟದ ಮೇಲೆ ತಂದೆಯವರ ಕಾಲದ ಸೇರು, ಪಾವು, ಚಟಾಕು ಬಿದ್ದಿರಬಹುದು. ಸೇರಿಗೆ ನಾಲ್ಕು ಪಾವು, ಪಾವಿಗೆ ನಾಲ್ಕು ಚಟಾಕು. ಗಲ್ಲಾಪೆಟ್ಟಿಗೆಯ ಮೂಲೆಯಲ್ಲಿ 1957ರಲ್ಲಿ ಬಂದ ನಯಾ ಪೈಸೆಯೋ, ಅದಕ್ಕೂ ಹಿಂದಿನ ಒಂದಾಣೆಯೋ ಇದ್ದೀತು. ರೂಪಾಯಿಗೆ ಹದಿನಾರಾಣೆ ಇದ್ದದ್ದು ನೂರು ಪೈಸೆಯಾದಾಗ ಗಿರಾಕಿಗಳ ಜೊತೆ ಏನೇನು ತಕರಾರು ಆಯಿತು ಅಂತ ನಿಮ್ಮ ಮನೆಯ ಹಿರಿಯರನ್ನು ಕೇಳಿ ಮಕ್ಕಳಿಗೆ ಹೇಳಿ. ಆ ಪಾವಿನಲ್ಲಿ ಅಕ್ಕಿ ತುಂಬಿ, ತಲೆ ಗೀರಿ, ಸುರಿದು ತೋರಿಸಿ.

ಶನಿವಾರ ಬೆಳಗಿನ ಶಾಲೆ. ಹತ್ತಿರದ ಸ್ಕೂಲಿನ ಹೆಡ್‌ಮಾಸ್ತರರನ್ನು ಕಂಡು ಒಂದು ಗಂಟೆ ಹೊತ್ತು ಮಾಡಿಕೊಳ್ಳಿ. ಪಾವು ವಾಪಸ್ಸು ಬರುತ್ತೆ, ಚಿಂತೆ ಬೇಡ. ಅಕ್ಕಿಯ ಭರವಸೆ ಮಾತ್ರ ಕೊಡಲಾರೆವು.