ಪೊಕೆಮಾನ್ ಕಾರ್ಡ್: ಮೊದಲು ಯಾವುದು ತಗೋಬೇಕು?

ದುಬೈಯಿಂದ ಬರೋ ಮಾವ "ಏನು ತರಲಿ?" ಅಂತ ಕೇಳಿದ್ರೆ, ಕಾಯ್ಕಿಣಿ-ಮುರ್ಡೇಶ್ವರದ ಮಕ್ಕಳೇ, ಬರೀ "ಪೊಕೆಮಾನ್ ಕಾರ್ಡ್" ಅನ್ನಬೇಡಿ. ಯಾವ ಸೆಟ್ ಅಂತ ಸರಿಯಾಗಿ ಹೇಳಿ.

ಒಂದು, ಆಡೋ ಆಸೆ ಇದ್ರೆ ಬೂಸ್ಟರ್ ಪ್ಯಾಕ್‌ನಿಂದ ಶುರು ಮಾಡಬೇಡಿ. ಒಳಗೆ ಏನಿದೆ ಅನ್ನೋದು ಒಡೆದ ಮೇಲೇ ಗೊತ್ತಾಗೋದು. ಆಟಕ್ಕೆ ಬೇಕಾಗಿರೋದು 60 ಕಾರ್ಡ್‌ಗಳ ಡೆಕ್. 'ಬ್ಯಾಟಲ್ ಅಕಾಡೆಮಿ' ಪೆಟ್ಟಿಗೆಯಲ್ಲಿ ಅಂಥ 3 ಡೆಕ್ ಸಿದ್ಧವಾಗಿರುತ್ತೆ. ಅಣ್ಣ-ತಂಗಿ ಅವತ್ತೇ ಆಟಕ್ಕೆ ಕೂರಬಹುದು.

ಎರಡು, ಕೂಡಿಡೋ ಆಸೆಯಾ? 2023ರ '151' ಸೆಟ್ ನೋಡಿ. ಬಲ್ಬಸಾರ್‌ನಿಂದ ಮ್ಯೂವರೆಗೆ ಮೊದಲ 151 ಪೊಕೆಮಾನ್‌ಗಳೂ ಅದರಲ್ಲಿವೆ.

ಮೂರು, ಟೂರ್ನಿಗೆ ಹೋಗೋರು ಕಾರ್ಡಿನ ಕೆಳಗಿನ ಎಡಮೂಲೆ ನೋಡಿ. ಅಲ್ಲೊಂದು ಪುಟ್ಟ ಇಂಗ್ಲಿಷ್ ಅಕ್ಷರ ಇರುತ್ತೆ. ಹಳೇ ಅಕ್ಷರದ ಕಾರ್ಡ್‌ಗಳನ್ನ ಸ್ಟ್ಯಾಂಡರ್ಡ್ ಆಟದಿಂದ ಕಾಲಕಾಲಕ್ಕೆ ಕೈಬಿಡ್ತಾರೆ. ಹಾಗಾಗಿ ಹೊಸ ಸೆಟ್‌ಗೇ ದುಡ್ಡು ಹಾಕಿ.

ನಾಲ್ಕು, ನಿಮಗೆ ಬೇಕಾಗಿರೋದು ಒಂದೇ ಕಾರ್ಡಾ? ಅದಕ್ಕಾಗಿ ಹತ್ತಾರು ಪ್ಯಾಕ್ ಒಡೆಯಬೇಡಿ, ಬಿಡಿಯಾಗಿ ತಗೊಳ್ಳಿ. ತಗೊಳ್ಳೋ ಮುಂಚೆ ಅಂಚು ನೋಡಿ. ಅಸಲಿ ಕಾರ್ಡಿನ ಪದರಗಳ ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ ಕಾಣುತ್ತೆ.

ಮೊದಲು ಡೆಕ್, ಆಮೇಲೆ ಬಿಡಿ ಕಾರ್ಡ್, ಕೊನೆಗೆ ಬೂಸ್ಟರ್. ಈ ಕ್ರಮ ಬಿಡಬೇಡಿ, ಮನೆಯವರ ದುಡ್ಡು ಉಳಿಯುತ್ತೆ.