ವಸಡು ಸರಿದ ಹಲ್ಲಿಗೆ ಸಿಮೆಂಟೋ, ಕಸಿಯೋ?

ಮೆಸ್‌ನಲ್ಲಿ ಐಸ್‌ಕ್ರೀಮ್ ಕೊಟ್ಟ ದಿನ ಬಾಯಿಯ ಒಂದೇ ಕಡೆಯಿಂದ ತಿನ್ನೋರನ್ನ ನೋಡಿದ್ದೀರಾ? ಎಲ್ಲರಿಗೂ ಹುಳುಕು ಹಲ್ಲೇ ಇರಬೇಕು ಅಂತೇನಿಲ್ಲ. ಕನ್ನಡಿಯಲ್ಲಿ ಒಂದು ಹಲ್ಲು ಪಕ್ಕದ್ದಕ್ಕಿಂತ ಉದ್ದ ಕಂಡರೆ ಅಲ್ಲಿ ವಸಡು ಸರಿದಿರಬಹುದು. ಜೋರಾಗಿ ಬ್ರಷ್ ಉಜ್ಜೋದು, ವಸಡಿನ ಕಾಯಿಲೆ, ಹುಟ್ಟಿನಿಂದಲೇ ತೆಳುವಾದ ವಸಡು, ಇವೆಲ್ಲ ಕಾರಣಗಳು. ಸರಿದ ವಸಡು ತಾನಾಗಿ ವಾಪಸ್ ಬೆಳೆಯಲ್ಲ.

ಹಲ್ಲಿನ ಮೇಲ್ಭಾಗಕ್ಕೆ ಎನಾಮಲ್ ಕವಚ ಇದೆ, ಬೇರಿಗೆ ಇಲ್ಲ. ಬೇರಿನ ತೆಳು ಪದರ ಸವೆದರೆ ಡೆಂಟಿನ್ ಬಯಲಾಗುತ್ತೆ. ಅದರ ತುಂಬ ದ್ರವ ಇರೋ ಸೂಕ್ಷ್ಮ ಕೊಳವೆಗಳು. ತಣ್ಣಗಿನದು ತಾಗಿದಾಗ ದ್ರವ ಚಲಿಸಿ ನರವನ್ನು ಕೆಣಕುತ್ತೆ, ಜುಮ್ ಅನ್ನುತ್ತೆ. ಫ್ಲೂಯಿಡ್ ಮೆಕ್ಯಾನಿಕ್ಸ್ ನಮ್ಮನ್ನ ಬಾಯಿಯೊಳಗೂ ಬಿಡಲ್ಲ!

ಸುಲಭದ ದಾರಿ ಫಿಲ್ಲಿಂಗ್. ಮನೇಲಿ 'ಸಿಮೆಂಟ್ ಹಾಕಿಸೋದು' ಅಂತಾರಲ್ಲ, ಅದೇ. ಬೇಗ ಮುಗಿಯುತ್ತೆ, ಖರ್ಚು ಕಡಿಮೆ. ಆದರೆ ಎನಾಮಲ್‌ಗೆ ಅಂಟಿದಷ್ಟು ಗಟ್ಟಿಯಾಗಿ ಅದು ಬೇರಿಗೆ ಅಂಟಲ್ಲ. ಅಗಿಯುವಾಗ ಹಲ್ಲು ವಸಡಿನ ಹತ್ತಿರ ಅತಿ ಸಣ್ಣಗೆ ಬಾಗುತ್ತೆ, ಕ್ಯಾಂಟಿಲಿವರ್ ನೆನಪಿಸಿಕೊಳ್ಳಿ. ನಮ್ಮ ಅತ್ತೆಯ ಫಿಲ್ಲಿಂಗ್ ಎರಡು ಸಲ ಎದ್ದುಬಂದಿದೆ. ಅಂಟಿಕೊಂಡೇ ಇದ್ದರೂ ವಸಡು ಮಾತ್ರ ಸರಿದಲ್ಲೇ ಇರುತ್ತೆ. ಮಣ್ಣು ಕೊಚ್ಚಿಹೋದ ಪಾಯಕ್ಕೆ ಪ್ಲಾಸ್ಟರ್ ಮಾಡಿದ ಹಾಗೆ.

ಕಸಿ ಅಂದ್ರೆ ಆ ಮಣ್ಣನ್ನೇ ತುಂಬೋದು. ಮಾವಿನ ಗಿಡದ ಕಸಿ ಗೊತ್ತಲ್ಲ, ಅದೇ ಪದ. ಅಂಗುಳಿನಿಂದ ಒಂದೆರಡು ಮಿಲಿಮೀಟರ್ ದಪ್ಪದ ಅಂಗಾಂಶ ತೆಗೆದು, ಬಯಲಾದ ಬೇರಿನ ಮೇಲಿಟ್ಟು, ವಸಡನ್ನು ಅದರ ಮೇಲೆ ಎಳೆದು ಹೊಲಿಗೆ ಹಾಕ್ತಾರೆ. ಮೊದಲ ಕೆಲವು ದಿನ ಆ ತುಂಡಿಗೆ ರಕ್ತ ಪೂರೈಕೆ ಇರಲ್ಲ, ಸುತ್ತ ಒಸರೋ ದ್ರವವೇ ಅದರ ಊಟ. ಆಮೇಲೆ ಹೊಸ ರಕ್ತನಾಳಗಳು ಬಂದು ಸೇರುತ್ತವೆ. ಆಗ ತುಟಿ ಎಳೆದು ನೋಡೋದು, ಅಲ್ಲಿ ಬ್ರಷ್ ಹಾಕೋದು ಬೇಡ. ಸಿಗರೇಟಂತೂ ಬೇಡವೇ ಬೇಡ, ಕಸಿ ಕೆಡಬಹುದು. ಅಂಗುಳಿನ ಗಾಯ ಬಿಸಿ ಪಿಜ್ಜಾ ಸುಟ್ಟ ಹಾಗೆ ಒಂದೆರಡು ವಾರ ಕಾಡುತ್ತೆ.

ಕಸಿ ಎಲ್ಲರಿಗೂ ಒಂದೇ ಥರ ಕೂಡಿಬರಲ್ಲ. ಹಲ್ಲುಗಳ ನಡುವಿನ ಮೂಳೆ ಉಳಿದಿದ್ದರೆ ಬೇರು ಪೂರ್ತಿ ಮುಚ್ಚಬಹುದು, ಮೂಳೆ ಹೋಗಿದ್ದರೆ ಸ್ವಲ್ಪ ಭಾಗ ಮಾತ್ರ. ಉಜ್ಜಿ ಉಜ್ಜಿ ಹಲ್ಲಲ್ಲೇ ಗುಂಡಿ ಬಿದ್ದಿದ್ದರೆ ಫಿಲ್ಲಿಂಗ್, ಕಸಿ ಎರಡೂ ಬೇಕಾಗಬಹುದು. ತೀರ ಕಡಿಮೆ ಸರಿದಿದ್ದರೆ ಸೆನ್ಸಿಟಿವ್ ಪೇಸ್ಟ್, ಮೆತ್ತನೆ ಬ್ರಷ್ ಸಾಕಾಗಬಹುದು. ಡಾಕ್ಟರ್ ಫಿಲ್ಲಿಂಗ್ ಅಂದಾಗ, ಹಾಕಿಸಿಕೊಳ್ಳೋ ಮೊದಲೇ ಕೇಳಿ: "ಮೂಳೆ ಹೇಗಿದೆ ಡಾಕ್ಟ್ರೇ? ವಸಡಿನ ಸ್ಪೆಷಲಿಸ್ಟ್‌ಗೂ ಒಂದು ಸಲ ತೋರಿಸಲಾ?"